ಮೇಲ್ಮಹಡಿಯ ಎರಡು ಕೋಣೆ: ಬೈಂಡಿಂಗ್ ಹುಡುಗ ಮೈಕೆಲ್ ಫ್ಯಾರಡೆಯ ಕಥೆ

ವಾರಕ್ಕೆ 25 ಶಿಲಿಂಗ್ ಸಂಬಳ. ಕೆಲಸದ ಕಟ್ಟಡದಲ್ಲೇ ಮೇಲ್ಮಹಡಿಯಲ್ಲಿ ಎರಡು ಕೋಣೆ. ಚಳಿಗೆ ಕಲ್ಲಿದ್ದಲು, ರಾತ್ರಿಗೆ ಮೇಣದಬತ್ತಿ, ಎರಡೂ ಸಂಸ್ಥೆಯದೇ ಖರ್ಚು. 1813ರ ಮಾರ್ಚ್ 1ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆ 21 ವರ್ಷದ ಹುಡುಗನೊಬ್ಬನಿಗೆ ಕೊಟ್ಟ ಆಫರ್ ಇದು. ಗಲ್ಫ್‌ನಲ್ಲಿ ದುಡಿಯೋರಿಗೆ ಈ ಲೆಕ್ಕ ಹೊಸದೇನಲ್ಲ. ಇಷ್ಟು ಸಂಬಳ, ಅಕಾಮಡೇಷನ್ ಫ್ರೀ, ಕರೆಂಟು ನೀರು ಕಂಪನಿಯದ್ದು.

ಕೆಲಸವೂ ದೊಡ್ಡದೇನಲ್ಲ. ಪ್ರೊಫೆಸರ್‌ಗಳು ಪಾಠ ಮಾಡುವಾಗ ಸಾಮಾನು ಹೊಂದಿಸಿ ಕೊಡಬೇಕು. ವಾರಕ್ಕೊಂದು ದಿನ ಮಾದರಿಗಳನ್ನು ಒರೆಸಿಡಬೇಕು. ತಿಂಗಳಿಗೊಮ್ಮೆಯಾದರೂ ಗಾಜಿನ ಕಪಾಟಿನ ಉಪಕರಣಗಳ ಧೂಳು ತೆಗೆಯಬೇಕು. ಆ ಹುಡುಗ ಮೈಕೆಲ್ ಫ್ಯಾರಡೆ. ಧೂಳು ಒರೆಸಲು ಸೇರಿದ ಅದೇ ಕಟ್ಟಡದಲ್ಲಿ ಮುಂದೆ 45 ವರ್ಷ ವಾಸವಿದ್ದು, ಜಗತ್ತಿಗೆ ಡೈನಮೋದ ದಾರಿ ತೋರಿಸಿದವನು. ಇವತ್ತು ಬೇಸಿಗೆಯಲ್ಲಿ ಹಗಲೂ ರಾತ್ರಿ ಎಸಿ ಓಡಿಸೋ ಕರೆಂಟಿನ ಬಹುಪಾಲು ಬರೋದು ಜನರೇಟರ್ ತಿರುಗುವ ಪವರ್ ಪ್ಲಾಂಟಿನಿಂದ, ಆ ಜನರೇಟರ್‌ನ ಮೂಲ ತತ್ವ ಇವನದೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ಕರೆಂಟಿನದ್ದೂ ಅದೇ ತತ್ವ.

ಶಾಲೆಗೆ ಹೋಗಿದ್ದು ತುಂಬ ಕಡಿಮೆ. ಓದು, ಬರಹ, ಸ್ವಲ್ಪ ಕೂಡಿಸಿ ಕಳೆಯೋ ಲೆಕ್ಕ, ಅಷ್ಟೇ. ಅಂಥವನು ಇಷ್ಟು ದೂರ ಹೇಗೆ ಬಂದ ಅಂತ ಕೇಳಿದರೆ ಜನ ಸಾಮಾನ್ಯವಾಗಿ ಬುದ್ಧಿ ಅಂತಾರೆ, ಛಲ ಅಂತಾರೆ. ಬುದ್ಧಿ ಇತ್ತು, ಸುಳ್ಳಲ್ಲ. ಆದರೆ ಅವನ ಜೀವನ ಸ್ವಲ್ಪ ಹತ್ತಿರದಿಂದ ನೋಡಿದರೆ ಬೇರೆ ಸಂಗತಿಗಳೂ ಕಾಣುತ್ತವೆ: ಒಂದು ಅಂಗಡಿ, ಒಂದು ಪುಸ್ತಕ, ನಾಲ್ಕಾರು ಗೆಳೆಯರು, ಅಣ್ಣನ ಜೇಬಿನ ಒಂದು ಶಿಲಿಂಗ್.

ಮೈಕೆಲ್‌ನ ಅಪ್ಪ ಜೇಮ್ಸ್ ಕಮ್ಮಾರ. ಇಂಗ್ಲೆಂಡಿನ ಉತ್ತರದ ಗುಡ್ಡಗಾಡು ವೆಸ್ಟ್‌ಮೋರ್‌ಲ್ಯಾಂಡ್‌ನ ಹಳ್ಳಿಯಲ್ಲಿ ಕೆಲಸ ಸಾಲದೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಲಂಡನ್ನಿಗೆ ಬಂದವನು. ಬಂದ ಹೊಸತರಲ್ಲೇ, 1791ರ ಸೆಪ್ಟೆಂಬರ್ 22ರಂದು, ಊರಿನ ದಕ್ಷಿಣದ ಅಂಚಿನ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ ಮೈಕೆಲ್ ಹುಟ್ಟಿದ. ನಾಲ್ಕು ಮಕ್ಕಳಲ್ಲಿ ಮೂರನೆಯವನು. ಆಮೇಲೆ ಸಂಸಾರ ಒಂದು ಗಾಡಿ ಲಾಯದ ಮೇಲಿನ ಕೋಣೆಗಳಿಗೆ ಬಂತು. ಕೆಳಗೆ ಗಾಡಿ, ಮೇಲೆ ಮನುಷ್ಯರು. ಅಪ್ಪನ ಆರೋಗ್ಯ ಕೆಟ್ಟು, ಇಡೀ ದಿನ ಸುತ್ತಿಗೆ ಹಿಡಿಯೋ ಶಕ್ತಿ ಉಳಿಯಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಒಂಬತ್ತು ವರ್ಷದ ಮೈಕೆಲ್‌ಗೆ ವಾರಕ್ಕೆ ಒಂದೇ ಒಂದು ಬ್ರೆಡ್ಡು. ಅದನ್ನೇ ಅವನು ಏಳು ದಿನಕ್ಕೆ ಹಂಚಿಕೊಳ್ಳಬೇಕಿತ್ತು.

1804ರಲ್ಲಿ, 13 ತುಂಬುವ ಹೊತ್ತಿಗೆ, ಬ್ಲ್ಯಾಂಡ್‌ಫರ್ಡ್ ಬೀದಿಯ ಜಾರ್ಜ್ ರೀಬೋ ಎಂಬವರ ಪುಸ್ತಕದಂಗಡಿಗೆ ಓಡಾಟದ ಹುಡುಗನಾಗಿ ಸೇರಿದ. ಆಗ ಪೇಪರ್ ದುಬಾರಿ. ರೀಬೋ ಒಂದೇ ಪೇಪರನ್ನು ಹಲವು ಗಿರಾಕಿಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಬೆಳಿಗ್ಗೆ ಒಬ್ಬರ ಮನೆಗೆ ಕೊಟ್ಟು, ಅವರು ಓದಿದ ಮೇಲೆ ವಾಪಸ್ ತಂದು, ಇನ್ನೊಬ್ಬರಿಗೆ ತಲುಪಿಸೋದು ಮೈಕೆಲ್‌ನ ಡ್ಯೂಟಿ. ಭಾನುವಾರವೂ ರಜೆ ಇಲ್ಲ. ಮನೆಯವರ ಜೊತೆ ಪ್ರಾರ್ಥನೆಗೆ ಹೋಗಬೇಕಲ್ಲ, ಅದಕ್ಕೇ ಆವತ್ತು ಇನ್ನೂ ಬೇಗ ಎದ್ದು ಪೇಪರ್ ಮುಗಿಸುತ್ತಿದ್ದ. ವರ್ಷದ ಮೇಲೆ, 1805ರ ಅಕ್ಟೋಬರ್‌ನಲ್ಲಿ, ರೀಬೋ ಅವನನ್ನು ಏಳು ವರ್ಷಕ್ಕೆ ಬೈಂಡಿಂಗ್ ಅಪ್ರೆಂಟಿಸ್ ಆಗಿ ತೆಗೆದುಕೊಂಡರು. ಆ ಕಾಲದಲ್ಲಿ ಹೀಗೆ ಕಸುಬು ಕಲಿಯಲು ಸೇರೋರು ಮಾಲೀಕನಿಗೇ ಹಣ ಕಟ್ಟಬೇಕಿತ್ತು. ಈ ಹುಡುಗ ನಿಯತ್ತಿನಿಂದ ದುಡಿದಿದ್ದಾನೆ ಅಂತ ರೀಬೋ ಒಂದು ಪೈಸೆ ತಗೊಳ್ಳಲಿಲ್ಲ. ಏಜೆಂಟಿಗೆ ಹಣ ಕಟ್ಟಿ ವೀಸಾ ಮಾಡಿಸಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಏಳು ವರ್ಷ ಮೈಕೆಲ್ ಹಾಳೆ ಮಡಚಿದ, ಹೊಲಿದ, ಅಂಟು ಹಚ್ಚಿದ, ರಟ್ಟು ಕೂರಿಸಿದ, ಚರ್ಮ ಎಳೆದು ಕಟ್ಟಿದ. ಬೈಂಡಿಂಗ್‌ನಲ್ಲಿ ಅವಸರ ನಡೆಯೋದಿಲ್ಲ. ಒಂದು ಹಾಳೆ ಹಿಂದೆ ಮುಂದೆ ಆದರೆ ಇಡೀ ಪುಸ್ತಕ ಹಾಳು. ಕೈ ಸುತ್ತ ಪುಸ್ತಕವೇ ಪುಸ್ತಕ. ರೀಬೋ ಓದಬೇಡ ಅನ್ನೋ ಮಾಲೀಕರಲ್ಲ. ಕೆಲಸ ಮುಗಿದ ಮೇಲೆ ಓದಿಕೋ ಅಂತ ಬಿಟ್ಟರು. ಬೈಂಡಿಂಗ್‌ಗೆ ಬಂದ ಎನ್‌ಸೈಕ್ಲೋಪೀಡಿಯ ಬ್ರಿಟಾನಿಕದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನ ಅಲ್ಲೇ ಓದಿದ್ದು. ಜೇನ್ ಮಾರ್ಸೆಟ್ ಎಂಬ ಮಹಿಳೆ ಸಾಮಾನ್ಯರಿಗೆಂದು ಬರೆದ ರಸಾಯನಶಾಸ್ತ್ರದ ಪುಸ್ತಕ ಸಿಕ್ಕಿದ್ದೂ ಅಲ್ಲೇ. ಓದಿದ್ದನ್ನು ಮಾಡಿ ನೋಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ಕಂಡ ಗಾಜಿನ ಜಾಡಿಗೆ ಪೆನ್ನಿ ಪೆನ್ನಿ ಕೂಡಿಸಿ, ವಿದ್ಯುತ್ತಿನ ಕಿಡಿ ಹಾರಿಸೋ ಯಂತ್ರ ಮಾಡಿಕೊಂಡ. ಅಂಗಡಿಯ ಹಿಂದೆ ಪ್ರಯೋಗ ಮಾಡಲು ರೀಬೋ ಅಡ್ಡಿ ಮಾಡಲಿಲ್ಲ. ರೀಬೋ ಮನೆಯಲ್ಲಿ ಬಾಡಿಗೆಗಿದ್ದ ಮಾಸ್ಕೆರಿಯೆ ಎಂಬ ಚಿತ್ರಕಾರನ ಕೋಣೆ ಗುಡಿಸಿ, ಬೂಟು ಪಾಲಿಷ್ ಮಾಡಿಕೊಟ್ಟು, ಅದಕ್ಕೆ ಬದಲಾಗಿ ಚಿತ್ರ ಬಿಡಿಸೋದು ಕಲಿತ. ಉಪಕರಣವೊಂದನ್ನು ಕಣ್ಣಿಗೆ ಕಂಡ ಹಾಗೆ ಕಾಗದಕ್ಕಿಳಿಸೋ ಆ ವಿದ್ಯೆ ಕೊನೆವರೆಗೂ ಉಪಯೋಗಕ್ಕೆ ಬಂತು.

ಅಂಗಡಿಯಲ್ಲಿ ಸಿಕ್ಕ ಇನ್ನೊಂದು ಪುಸ್ತಕಕ್ಕೆ ವಿಜ್ಞಾನದ ಸಂಬಂಧವೇ ಇಲ್ಲ. ಐಸಾಕ್ ವಾಟ್ಸ್ ಎಂಬ ಪಾದ್ರಿ ಬುದ್ಧಿಯನ್ನು ಬೆಳೆಸಿಕೊಳ್ಳೋದು ಹೇಗೆ ಅಂತ ಬರೆದದ್ದು. ಅದರಲ್ಲಿದ್ದದ್ದು ಬಹಳ ಸಾದಾ ಸಲಹೆ. ಓದಿದ್ದು ಕೇಳಿದ್ದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಬಲ್ಲವರ ಉಪನ್ಯಾಸಕ್ಕೆ ಹೋಗು. ಒಬ್ಬ ಗೆಳೆಯನಿಗೆ ನಿಯಮವಾಗಿ ಕಾಗದ ಬರಿ. ನಾಲ್ಕು ಜನ ಸೇರಿ ಚರ್ಚೆ ಮಾಡಿ. ಇಂಥ ಪುಸ್ತಕ ಓದೋರು ಆಗಲೂ ಇದ್ದರು, ಈಗಲೂ ಇದ್ದಾರೆ. ಓದಿ ಹತ್ತು ದಿನ ಹುರುಪಿನಲ್ಲಿ ಇರ್ತಾರೆ, ಆಮೇಲೆ ಮರೀತಾರೆ. ಮೈಕೆಲ್ ಆ ನಾಲ್ಕನ್ನೂ ಒಂದೊಂದಾಗಿ ಮಾಡಿದ, ಮಾಡಿಯೂ ಬಿಡಲಿಲ್ಲ.

1810ರ ಆರಂಭದಲ್ಲಿ ಜಾನ್ ಟೇಟಮ್ ಎಂಬವರ ಮನೆಯಲ್ಲಿ ವಿಜ್ಞಾನದ ಉಪನ್ಯಾಸ ನಡೆಯುತ್ತೆ ಅಂತ ಗೊತ್ತಾಯ್ತು. ಒಂದಕ್ಕೆ ಒಂದು ಶಿಲಿಂಗ್. ಅಪ್ರೆಂಟಿಸ್ ಹತ್ತಿರ ಅಷ್ಟು ಎಲ್ಲಿಂದ ಬರಬೇಕು? ಕೊಟ್ಟದ್ದು ಅಣ್ಣ ರಾಬರ್ಟ್. ಅವನೂ ಅಪ್ಪನ ಹಾಗೆ ಕಮ್ಮಾರ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಪ್ಪ ತೀರಿಕೊಂಡರು. ಅಮ್ಮ ಮನೆಯಲ್ಲಿ ಬಾಡಿಗೆದಾರರನ್ನು ಇಟ್ಟುಕೊಂಡು ಸಂಸಾರ ತೂಗಿಸಿದಳು. ಆದರೂ ತಮ್ಮನ ಉಪನ್ಯಾಸ ನಿಲ್ಲಲಿಲ್ಲ, 1811ರ ಸೆಪ್ಟೆಂಬರ್‌ವರೆಗೆ ಹತ್ತು ಹನ್ನೆರಡಕ್ಕೆ ಹೋಗಿ ಬಂದ. ಊರಿಗೆ ಹಣ ಕಳಿಸಿ ತಮ್ಮನನ್ನೋ ತಂಗಿಯನ್ನೋ ಓದಿಸಿದ ಅಣ್ಣಂದಿರು ಗಲ್ಫಿನ ರೂಮು ರೂಮಿನಲ್ಲೂ ಇದ್ದಾರೆ. ರಾಬರ್ಟ್‌ನ ಹೆಸರು ವಿಜ್ಞಾನದ ಚರಿತ್ರೆಯಲ್ಲಿ ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತೆ. ಆ ಶಿಲಿಂಗ್ ಇಲ್ಲದಿದ್ದರೆ ಮುಂದಿನ ಕಥೆ ಇರ್ತಿರಲಿಲ್ಲ.

ಟೇಟಮ್ ಮನೆಯಲ್ಲಿ ಸೇರುತ್ತಿದ್ದವರು ದೊಡ್ಡ ಮನೆತನದ ಮಕ್ಕಳಲ್ಲ. ಗುಮಾಸ್ತರು, ಕಸುಬಿನವರು, ಅಂಗಡಿ ಹುಡುಗರು. ಅಲ್ಲಿ ಬೆಂಜಮಿನ್ ಅಬಟ್ ಎಂಬ ಗುಮಾಸ್ತ, ಎಡ್ವರ್ಡ್ ಮೆಗ್ರಾತ್ ಎಂಬ ಇನ್ನೊಬ್ಬ ಗೆಳೆಯನಾದರು. ಉಪನ್ಯಾಸ ಕೇಳುವಾಗ ಮೈಕೆಲ್ ಮುಖ್ಯ ಶಬ್ದ ಮಾತ್ರ ಗೀಚಿಕೊಳ್ಳೋನು. ಮನೆಗೆ ಬಂದು ಅದನ್ನೇ ಬಿಡಿಸಿ ಬರೆಯೋನು, ಚಿತ್ರ ಸೇರಿಸೋನು. ಕೊನೆಗೆ ನಾಲ್ಕು ಸಂಪುಟವಾಗಿ ತಾನೇ ಬೈಂಡ್ ಮಾಡಿ ರೀಬೋಗೆ ಅರ್ಪಿಸಿದ. 1812ರ ಜುಲೈಯಲ್ಲಿ ಅಬಟ್‌ಗೆ ಕಾಗದ ಬರೆಯೋದು ಶುರುವಾಯ್ತು. ವ್ಯಾಕರಣ ತಿದ್ದಿಕೊಳ್ಳಲು, ವಿಷಯ ನೆಟ್ಟಗೆ ಹೇಳೋದು ಕಲಿಯಲು ಅಂತಲೇ ಬರೆದ ಕಾಗದಗಳು ಅವು. ಮೊದಲ ಕಾಗದದಲ್ಲೇ ಏಳು ಅರ್ಧ ಪೆನ್ನಿ ನಾಣ್ಯ, ಅಷ್ಟೇ ಅಗಲದ ಏಳು ಸತುವಿನ ಬಿಲ್ಲೆ, ನಡುವೆ ಉಪ್ಪುನೀರಿನ ಕಾಗದ ಇಟ್ಟು ಬ್ಯಾಟರಿ ಮಾಡಿದ ವಿವರ ಇದೆ.

ರೀಬೋ ಆ ಸಂಪುಟಗಳನ್ನು ಗಿರಾಕಿಗಳಿಗೆ ಹೆಮ್ಮೆಯಿಂದ ತೋರಿಸುತ್ತಿದ್ದರು. ಹುಡುಗನ ಆಸಕ್ತಿ ಗೊತ್ತಾದ ವಿಲಿಯಂ ಡಾನ್ಸ್ ಎಂಬ ಗಿರಾಕಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯವರ ನಾಲ್ಕು ಉಪನ್ಯಾಸಕ್ಕೆ ಟಿಕೆಟ್ ಕೊಟ್ಟರು. ಡೇವಿ ಆಗ ಇಂಗ್ಲೆಂಡಿನಲ್ಲೇ ಹೆಸರಾಂತ ವಿಜ್ಞಾನಿ. 1812ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮೈಕೆಲ್ ಗ್ಯಾಲರಿಯಲ್ಲಿ, ಗಡಿಯಾರದ ಮೇಲುಗಡೆ ಕೂತು ಕೇಳಿದ. ಮತ್ತೆ ಅದೇ ಕ್ರಮ: ಗೀಚೋದು, ಬಿಡಿಸಿ ಬರೆಯೋದು, ಚಿತ್ರ, ಬೈಂಡಿಂಗ್. 300ಕ್ಕೂ ಹೆಚ್ಚು ಪುಟದ ಪುಸ್ತಕವಾಯ್ತು.

ಅಕ್ಟೋಬರ್‌ಗೆ ಅಪ್ರೆಂಟಿಸ್ ಅವಧಿ ಮುಗಿದು, ಡೆ ಲಾ ರೋಷ್ ಎಂಬ ಇನ್ನೊಬ್ಬ ಬೈಂಡರ್ ಹತ್ತಿರ ಕೆಲಸಕ್ಕೆ ಸೇರಿದ. ಮಾಲೀಕ ಮುಂಗೋಪಿ. ಆದರೆ ಮಕ್ಕಳಿಲ್ಲದ ಅವನು, ನೀನು ಇಲ್ಲೇ ಇದ್ದರೆ ನನ್ನ ನಂತರ ಅಂಗಡಿ ನಿನ್ನದೇ ಅಂತಲೂ ಹೇಳಿದ್ದನಂತೆ. ಬಡ ಹುಡುಗನಿಗೆ ಇದು ಕಡಿಮೆ ಆಸೆಯೇ? ಮೈಕೆಲ್‌ಗೆ ಅಲ್ಲಿ ಉಸಿರು ಕಟ್ಟಿತು. ಕೆಲಸ ಅದೇ, ಕೈಯೂ ಅದೇ, ಓದೋಕೆ ಪುರುಸೊತ್ತು ಮಾತ್ರ ಇಲ್ಲ. ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಕೆಲಸ ಕೇಳಿ ಪತ್ರ ಬರೆದು, ಉತ್ತರಕ್ಕೆ ಬಾಗಿಲಿಗೆ ಹೋಗಿ ವಿಚಾರಿಸಿದಾಗ ಉತ್ತರ ಕೊಡೋ ಅಗತ್ಯವಿಲ್ಲ ಅನ್ನೋ ಮಾತು ಬಂತು. ಕೊನೆಗೆ ಡಿಸೆಂಬರ್‌ನಲ್ಲಿ ಆ ಬೈಂಡ್ ಮಾಡಿದ ಪುಸ್ತಕ ಡೇವಿಗೇ ಕಳಿಸಿದ. ಡೇವಿ ಕರೆಸಿ ಮಾತಾಡಿಸಿದರು, ಬೈಂಡಿಂಗ್ ಬಿಡಬೇಡ, ಸಂಸ್ಥೆಯ ಬೈಂಡಿಂಗ್ ನಿನಗೇ ಕೊಡಿಸ್ತೇನೆ ಅಂದರು. ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಆದರೆ ಎರಡು ತಿಂಗಳಲ್ಲಿ ಸಂಸ್ಥೆಯ ಲ್ಯಾಬ್ ಸಹಾಯಕ ಉಪಕರಣ ಮಾಡೋನ ಜೊತೆ ಹೊಡೆದಾಡಿ ಕೆಲಸ ಕಳೆದುಕೊಂಡ. ಒಂದು ರಾತ್ರಿ ಮೈಕೆಲ್ ಮಲಗಲು ಬಟ್ಟೆ ಬದಲಿಸುವಾಗ ಮನೆ ಮುಂದೆ ಡೇವಿಯವರ ಸಾರೋಟು ಬಂದು ನಿಂತಿತು.

ಇದು ಅದೃಷ್ಟವಲ್ವಾ ಅನ್ನಬಹುದು. ಹೊಡೆದಾಟ ಅದೃಷ್ಟವೇ. ಆದರೆ ಕೆಲಸ ಖಾಲಿಯಾದಾಗ ಡೇವಿಗೆ ನೆನಪಾದ ಹುಡುಗ, ಆ ಪುಸ್ತಕ ಹೊಲಿದು ಕಳಿಸಿದವನು.

ಸೇರಿದ ಏಳು ತಿಂಗಳಿಗೇ, 1813ರ ಅಕ್ಟೋಬರ್‌ನಲ್ಲಿ, ಡೇವಿ ದಂಪತಿಗಳ ಜೊತೆ ಯೂರೋಪ್ ಪ್ರವಾಸ. ಫ್ರಾನ್ಸ್ ಇಂಗ್ಲೆಂಡ್ ನಡುವೆ ಯುದ್ಧ ನಡೆಯುತ್ತಿದ್ದರೂ ನೆಪೋಲಿಯನ್ ಡೇವಿಗೆ ಅನುಮತಿ ಕೊಟ್ಟಿದ್ದ. ಫ್ಯಾರಡೆ ಹೊರಟದ್ದು ಸಹಾಯಕನಾಗಿ. ಡೇವಿಯವರ ಆಳು ಕೊನೇ ಗಳಿಗೆಯಲ್ಲಿ ಬರೋಲ್ಲ ಅಂದ. ದಾರಿಯಲ್ಲಿ ಬೇರೆಯವನು ಸಿಗೋತನಕ ಸ್ವಲ್ಪ ನೋಡಿಕೋ ಅಂದರು. ಬೇರೆಯವನು ಸಿಗಲೇ ಇಲ್ಲ. ಒಂದೂವರೆ ವರ್ಷ ಸಾಮಾನು, ಬಟ್ಟೆ, ಖರ್ಚು ವೆಚ್ಚ ಎಲ್ಲ ಅವನ ತಲೆಗೆ. ಡೇವಿಯವರ ಪತ್ನಿ ಅವನನ್ನು ಆಳಿನ ಹಾಗೇ ನಡೆಸಿಕೊಂಡರು, ಊಟವೂ ಆಳುಗಳ ಜೊತೆಗೇ. ಒಂದು ಕೆಲಸಕ್ಕೆ ಅಂತ ಕರೆದುಕೊಂಡು ಹೋಗಿ ಇನ್ನೊಂದಕ್ಕೆ ಹಾಕೋದು ಇವತ್ತಿನ ಕಥೆ ಮಾತ್ರ ಅಲ್ಲ. ಇಟಲಿಯಿಂದ ಅಮ್ಮನಿಗೂ ಅಬಟ್‌ಗೂ ಬರೆದ ಕಾಗದಗಳಲ್ಲಿ ಮನೆಯ ನೆನಪು ತುಂಬಿದೆ. ವಾಪಸ್ ಬೈಂಡಿಂಗ್‌ಗೇ ಹೋಗೋಣ ಅನ್ನೋ ಯೋಚನೆಯೂ ಬಂದಿತ್ತು. ಆದರೂ ದಿನಚರಿ ಬರೆಯೋದು ಬಿಡಲಿಲ್ಲ. ಫ್ರೆಂಚ್, ಇಟಾಲಿಯನ್ ಕಲಿತ. ಪ್ಯಾರಿಸ್‌ನಲ್ಲಿ ಆಂಪಿಯರ್, ಮಿಲಾನ್‌ನಲ್ಲಿ ಮುದುಕ ವೋಲ್ಟಾ, ಇಬ್ಬರನ್ನೂ ಕಂಡ. ಕಾಲೇಜು ಮೆಟ್ಟಿಲು ಹತ್ತದವನಿಗೆ ಆ ಸಾರೋಟೇ ಕಾಲೇಜಾಯ್ತು.

1815ರಲ್ಲಿ ಹಿಂತಿರುಗಿದ ಮೇಲೆ ಸಂಬಳ 30 ಶಿಲಿಂಗ್. ಇನ್ನು ಮುಂದಿನ ವರ್ಷಗಳ ಬಗ್ಗೆ ಹೇಳುವಾಗ ಫ್ಯಾರಡೆಯವರು ಅನ್ನಬೇಕು. ಈ ಕಾಲದಲ್ಲಿ ಅವರು ತಮ್ಮ ಮಾತಿನ ಮೇಲೆ ಮಾಡಿದ ಕೆಲಸ ನೋಡುವಂಥದ್ದು. ಕಮ್ಮಾರನ ಮಗನ ಉಚ್ಚಾರಣೆ ದೊಡ್ಡವರ ಸಭೆಗೆ ಒಗ್ಗುತ್ತಿರಲಿಲ್ಲ. ಮೆಗ್ರಾತ್ ವಾರಕ್ಕೊಮ್ಮೆ ಗಂಟೆಗಟ್ಟಲೆ ಜೊತೆ ಕೂತು ಓದಿಸಿ ತಿದ್ದುತ್ತಿದ್ದ. 1818ರಲ್ಲಿ, ಕೈಯಲ್ಲಿ ಹಣ ಹೆಚ್ಚಿಲ್ಲದಾಗಲೂ, ಬೆಂಜಮಿನ್ ಸ್ಮಾರ್ಟ್ ಎಂಬ ಗುರುವಿಗೆ ಪಾಠಕ್ಕೆ ಅರ್ಧ ಗಿನಿ ಕೊಟ್ಟು ಭಾಷಣ ಕಲೆ ಕಲಿತರು. ಉಪನ್ಯಾಸದಲ್ಲಿ ಮಾತು ಓಡತೊಡಗಿದರೆ ನಿಧಾನ ಅಂತ ಬರೆದ ಚೀಟಿ ಮುಂದೆ ಬರಬೇಕು, ಗಂಟೆ ಮುಗಿಯುತ್ತಾ ಬಂದರೆ ಸಮಯ ಅಂತ ಬರೆದದ್ದು, ಅಂಥ ಏರ್ಪಾಡು. ತನ್ನ ನೆನಪನ್ನು ತಾನೇ ನಂಬದೆ, ಹೊರಗೊಂದು ಕಾವಲು ಇಟ್ಟುಕೊಳ್ಳೋ ಮನುಷ್ಯ. 1826ರಿಂದ ಸಂಸ್ಥೆಯಲ್ಲಿ ಶುಕ್ರವಾರ ಸಂಜೆಯ ಉಪನ್ಯಾಸ, 1827ರಿಂದ ಮಕ್ಕಳಿಗೆ ಕ್ರಿಸ್‌ಮಸ್ ಉಪನ್ಯಾಸ. ಶುಕ್ರವಾರದ್ದೇ ನೂರಕ್ಕೂ ಹೆಚ್ಚು ಕೊಟ್ಟರು, ಕ್ರಿಸ್‌ಮಸ್ಸಿನದ್ದು 19 ಸಾಲು. ಒಂದು ಮೇಣದಬತ್ತಿ ಇಟ್ಟುಕೊಂಡು ಇಡೀ ರಸಾಯನಶಾಸ್ತ್ರ ಹೇಳಿದ ಸರಣಿ ಇವತ್ತಿಗೂ ಅಚ್ಚಾಗುತ್ತಿದೆ.

1821ರಲ್ಲಿ ಸಾರಾ ಬರ್ನಾರ್ಡ್ ಜೊತೆ ಮದುವೆ. ಮನೆ ಅದೇ, ಸಂಸ್ಥೆಯ ಮೇಲ್ಮಹಡಿ. ಮೆಟ್ಟಿಲಿಳಿದರೆ ಲ್ಯಾಬ್. ಅದೇ ಸೆಪ್ಟೆಂಬರ್‌ನಲ್ಲಿ ಕರೆಂಟು ಹರಿಯುವ ತಂತಿಯನ್ನು ಅಯಸ್ಕಾಂತದ ಸುತ್ತ ತಿರುಗಿಸಿ ತೋರಿಸಿದರು. ಮೋಟರಿನ ಮೊದಲ ರೂಪ. ಈ ವಿಷಯದಲ್ಲಿ ಬೇರೆಯವರ ಯೋಚನೆ ಕದ್ದರು ಅನ್ನೋ ಮಾತೆದ್ದು ಬಹಳ ನೊಂದರು. ಎರಡು ವರ್ಷದ ಮೇಲೆ ರಾಯಲ್ ಸೊಸೈಟಿಗೆ ಅವರ ಹೆಸರು ಬಂದಾಗ ವಿರೋಧಿಸಿದ್ದು ಬೆಳೆಸಿದ ಡೇವಿಯವರೇ. ಆದರೂ 1824ರಲ್ಲಿ ಆಯ್ಕೆಯಾದರು. ಡೇವಿ ಬಗ್ಗೆ ಕೆಟ್ಟ ಮಾತಾಡುತ್ತಾ ತಿರುಗಲಿಲ್ಲ.

ಲ್ಯಾಬ್‌ನಲ್ಲಿ ಪ್ರತಿ ಸಾಮಾನಿಗೂ ಒಂದು ಜಾಗ, ಪ್ರತಿ ಬಾಟಲಿಗೂ ಚೀಟಿ. 1827ರಲ್ಲಿ ಬರೆದ ದೊಡ್ಡ ಪುಸ್ತಕದ ತುಂಬ ಇಂಥವೇ: ಗಾಜು ಹೇಗೆ ಬಗ್ಗಿಸೋದು, ತೂಗೋದು ಹೇಗೆ, ಸೋಸೋದು ಹೇಗೆ. ಸಹಾಯಕ ಚಾರ್ಲ್ಸ್ ಆಂಡರ್ಸನ್, ಸೈನ್ಯದಿಂದ ಬಂದ ಸಾರ್ಜೆಂಟ್. ಒಂದು ಸಂಜೆ ಮನೆಗೆ ಹೋಗು ಅನ್ನೋದು ಮರೆತರೆ, ಮರುದಿನ ಬೆಳಿಗ್ಗೆವರೆಗೂ ಕುಲುಮೆಗೆ ಬೆಂಕಿ ಹಾಕುತ್ತಲೇ ನಿಂತಿದ್ದನಂತೆ. ಸಾರಾ ಕಡೆಯ ಸೋದರ ಸೊಸೆ ಚಿಕ್ಕವಳಿದ್ದಾಗ ಹೊಲಿಗೆ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದಳು. ಸದ್ದು ಮಾಡದಿದ್ದರೆ ನಡುನಡುವೆ ಏನಾದರೂ ತೋರಿಸುತ್ತಿದ್ದರು.

1822ರಲ್ಲಿ ಮುಂದೆ ನೋಡಬೇಕಾದ ವಿಷಯಗಳ ಒಂದು ನೋಟ್‌ಬುಕ್ ಶುರು ಮಾಡಿದರು. ಅದರಲ್ಲಿ ಒಂದು, ಅಯಸ್ಕಾಂತದಿಂದ ವಿದ್ಯುತ್ತು ಪಡೆಯೋದು. ಅದು ಈಡೇರಲು ಒಂಬತ್ತು ವರ್ಷ ಬೇಕಾಯ್ತು. ನಡುವೆ ರಾಯಲ್ ಸೊಸೈಟಿಗಾಗಿ ದುರ್ಬೀನಿನ ಗಾಜು ತಯಾರಿಸೋ ಕೆಲಸ ವರ್ಷಗಟ್ಟಲೆ ತಿಂದಿತ್ತು. ಕ್ರಮ, ಶಿಸ್ತು ಎಲ್ಲ ಇದ್ದೂ, ಕೊಟ್ಟ ಕೆಲಸವೇ ಬೇರೆಯಾದರೆ ಮನುಷ್ಯ ಏನು ಮಾಡ್ತಾನೆ? 1831ರಲ್ಲಿ ಅದನ್ನು ಬಿಟ್ಟರು. ಅದೇ ಆಗಸ್ಟ್ 29ರಂದು ಆರು ಇಂಚು ಅಗಲದ ಮೆದು ಕಬ್ಬಿಣದ ಬಳೆ ತೆಗೆದುಕೊಂಡರು, ಎರಡು ಬದಿಗೆ ತಂತಿ ಸುತ್ತಿದರು. ಆಗ ಹೊದಿಕೆ ಇರೋ ವಯರು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಬರೀ ತಾಮ್ರದ ತಂತಿ. ಸುತ್ತು ಸುತ್ತಿನ ನಡುವೆ ದಾರ, ಪದರ ಪದರದ ನಡುವೆ ಹತ್ತಿ ಬಟ್ಟೆ. ಏಳು ವರ್ಷ ಪುಸ್ತಕ ಹೊಲಿದ ಕೈಗೆ ಇದು ಕಷ್ಟವಾಗಿರಲಾರದು. ಒಂದು ಬದಿಗೆ ಬ್ಯಾಟರಿ ಜೋಡಿಸಿದಾಗ ಇನ್ನೊಂದು ಬದಿಯ ಸೂಜಿ ಅಲ್ಲಾಡಿ ನಿಂತಿತು, ಬ್ಯಾಟರಿ ತೆಗೆದಾಗ ಮತ್ತೆ ಅಲ್ಲಾಡಿತು. ಅಕ್ಟೋಬರ್‌ನಲ್ಲಿ ಅಯಸ್ಕಾಂತವನ್ನು ಸುರುಳಿಯೊಳಗೆ ನೂಕಿ ಎಳೆದು ಕರೆಂಟು ಬರಿಸಿದರು. ಅದೇ ತಿಂಗಳ ಕೊನೆಯಲ್ಲಿ ಅಯಸ್ಕಾಂತದ ನಡುವೆ ತಾಮ್ರದ ತಟ್ಟೆ ತಿರುಗಿಸಿ ನಿಲ್ಲದ ಕರೆಂಟು ಪಡೆದರು. ಮೊದಲ ಡೈನಮೋ ಅದು.

ವ್ಯರ್ಥವೆನಿಸಿದ್ದ ಗಾಜಿನ ಕೆಲಸವೂ ವ್ಯರ್ಥವಾಗಲಿಲ್ಲ. ಆಗ ತಯಾರಿಸಿದ ಭಾರದ ಗಾಜಿನ ತುಂಡೊಂದು ಕಪಾಟಿನಲ್ಲೇ ಇತ್ತು. 1845ರ ಸೆಪ್ಟೆಂಬರ್ 13ರಂದು ಅದರ ಮೂಲಕವೇ ಬೆಳಕಿನ ಮೇಲೆ ಅಯಸ್ಕಾಂತದ ಪ್ರಭಾವವಿದೆ ಎಂದು ತೋರಿಸಿದರು.

1832ರ ಆಗಸ್ಟ್‌ನಿಂದ ಲ್ಯಾಬ್ ದಿನಚರಿಯ ಪ್ರತಿ ಪ್ಯಾರಾಗೂ ನಂಬರ್ ಹಾಕತೊಡಗಿದರು. ಪುಸ್ತಕ ಮುಗಿದು ಹೊಸದು ಬಂದರೂ ನಂಬರ್ ಮುಂದುವರಿಯುತ್ತಿತ್ತು. ಸರಿಬಂದ ಪ್ರಯೋಗ, ಸರಿಬಾರದ್ದು, ಎರಡಕ್ಕೂ ನಂಬರ್. ಕೊನೆಗೆ 16,041ಕ್ಕೆ ನಿಂತಿತು. ಇದು ಬರೀ ಅಚ್ಚುಕಟ್ಟಿನ ಶೋಕಿ ಆಗಿರಲಿಲ್ಲ. 1840ರ ಹೊತ್ತಿಗೆ ಆರೋಗ್ಯ ಕುಸಿದು ನೆನಪು ಕೈಕೊಡತೊಡಗಿತ್ತು. ನಿನ್ನೆ ಏನು ಮಾಡಿದೆ ಅಂತ ತಲೆಯಲ್ಲಿ ಸಿಗದಿದ್ದಾಗ ಪುಟದಲ್ಲಿ ಸಿಗುತ್ತಿತ್ತು. ಹಾಗಾಗಿಯೇ 1845ರಂಥ ಕೆಲಸ ಸಾಧ್ಯವಾಯ್ತು.

ಸಿಗದೇ ಉಳಿದದ್ದೂ ಒಂದಿದೆ: ಗಣಿತ. ರೀಬೋ ಅಂಗಡಿಯಲ್ಲಾಗಲಿ, ಟೇಟಮ್ ಮನೆಯಲ್ಲಾಗಲಿ ಅದನ್ನು ಕಲಿಸೋರು ಇರಲಿಲ್ಲ. ಆಮೇಲೆ ಅದು ಹತ್ತಲೇ ಇಲ್ಲ. ಅವರು ಚಿತ್ರದಲ್ಲಿ, ಮಾತಿನಲ್ಲಿ ಹೇಳಿದ ಬಲರೇಖೆಗಳನ್ನು ಸಮೀಕರಣಕ್ಕೆ ತರಲು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಬರಬೇಕಾಯ್ತು.

ಹಳೆಯವರನ್ನು ಫ್ಯಾರಡೆ ಮರೆಯಲಿಲ್ಲ. 1824ರಲ್ಲಿ ಅಥೀನಿಯಂ ಕ್ಲಬ್ಬಿನ ಮೊದಲ ಕಾರ್ಯದರ್ಶಿ ಹುದ್ದೆ ಬಂದಾಗ ಬೇಗನೆ ಅದನ್ನು ಮೆಗ್ರಾತ್‌ಗೆ ಬಿಟ್ಟುಕೊಟ್ಟರು. ದೀಪದ ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸೋ ಏರ್ಪಾಡೊಂದನ್ನು ಕಂಡುಹಿಡಿದರು. ಅಣ್ಣ ರಾಬರ್ಟ್ ಆ ಹೊತ್ತಿಗೆ ಗ್ಯಾಸ್ ದೀಪದ ವ್ಯಾಪಾರದಲ್ಲಿದ್ದ. ತಾವು ಒಂದು ಕಾಸೂ ಮುಟ್ಟದೆ ಅದನ್ನು ಅಣ್ಣನಿಗೇ ಕೊಟ್ಟರು. 1843ರಲ್ಲಿ ಪೇಟೆಂಟ್ ರಾಬರ್ಟ್ ಹೆಸರಿನಲ್ಲಿ ಆಯ್ತು. ಮೂರು ವರ್ಷದ ಮೇಲೆ ಅಣ್ಣ ಗಾಡಿ ಅಪಘಾತದಲ್ಲಿ ತೀರಿಕೊಂಡ.

1858ರಲ್ಲಿ ರಾಣಿ ವಿಕ್ಟೋರಿಯಾ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಮನೆ ಕೊಟ್ಟಾಗ ಆ ಮೇಲ್ಮಹಡಿ ಬಿಟ್ಟರು. ಸರ್ ಪದವಿ ಬೇಡವೆಂದರು, ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯೂ ಬೇಡವೆಂದರು. 1862ರ ಮಾರ್ಚ್‌ನಲ್ಲಿ ಕೊನೆಯ ಪ್ರಯೋಗ, ಫಲ ಸಿಗಲಿಲ್ಲ, ಅದನ್ನೂ ಬರೆದಿಟ್ಟರು. 1867ರ ಆಗಸ್ಟ್ 25ರಂದು ತಮ್ಮ ಓದುವ ಕೋಣೆಯ ಕುರ್ಚಿಯಲ್ಲಿ ಕೂತ ಹಾಗೇ ಪ್ರಾಣ ಹೋಯ್ತು. ಹೈಗೇಟ್ ಸ್ಮಶಾನದ ಕಲ್ಲಿನ ಮೇಲೆ ಹೆಸರು, ಹುಟ್ಟಿದ ದಿನ, ಸತ್ತ ದಿನ ಬಿಟ್ಟರೆ ಬೇರೇನೂ ಇಲ್ಲ. 21ರ ಹುಡುಗ ಡೇವಿಗೆ ಕಳಿಸಿದ ಆ ಪುಸ್ತಕ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಈಗಲೂ ಇದೆ.